ಮೂರು ಗಂಟೆ ಎಂದರೆ ಮೂರು ಗಂಟೆ

ನನ್ನ ಗಂಡ ಗೊಸ್ಸೆ ತನ್ನ ಸತ್ತ ಅಕ್ಕನ ಮುಂದೆ ನಿಂತು ಹುಟ್ಟುಹಬ್ಬದ ಅಭಿನಂದನೆ ಹೇಳಿದ ಎಂದು ನಮ್ಮೂರಿನ ಬೇಕರಿಯಲ್ಲಿ ಇವತ್ತಿಗೂ ನಗುತ್ತಾರೆ. ನಾನು ಒಳಗೆ ಕಾಲಿಟ್ಟರೆ ನಗು ನಿಲ್ಲುತ್ತದೆ. ಎಲ್ಲರೂ ಬ್ರೆಡ್ಡನ್ನು ದಿಟ್ಟಿಸಿ ನೋಡುತ್ತಾರೆ, ಹುಟ್ಟಿದಮೇಲೆ ಬ್ರೆಡ್ಡು ಕಂಡವರೇ ಅಲ್ಲವೆಂಬಂತೆ. ನಗುವವರು ನಗಲಿ. ಆದರೆ ಅರ್ಧ ಕಥೆ ಇಟ್ಟುಕೊಂಡು ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪೂರ್ತಿ ಹೇಳುತ್ತೇನೆ, ಆಮೇಲೆ ಹಲ್ಲು ಬಿಡಿ.

ನಮ್ಮಲ್ಲಿ ಹುಟ್ಟುಹಬ್ಬಕ್ಕೆ ಹೋದರೆ ಹುಟ್ಟಿದವರಿಗೆ ಮಾತ್ರ ಅಭಿನಂದನೆ ಹೇಳಿ ಕೂತುಬಿಡುವ ಹಾಗಿಲ್ಲ. ಕುರ್ಚಿಗಳನ್ನು ಗುಂಡಗೆ ಹಾಕಿರುತ್ತಾರೆ. ಬಂದವರು ಒಂದು ತುದಿಯಿಂದ ಶುರುಮಾಡಿ ಒಬ್ಬೊಬ್ಬರ ಕೈಯನ್ನೂ ಕುಲುಕಬೇಕು. ಗಂಡನಿಗೆ 'ನಿಮ್ಮ ಹೆಂಡತಿಗಾಗಿ ಅಭಿನಂದನೆ', ಮಗಳಿಗೆ 'ನಿಮ್ಮಮ್ಮನಿಗಾಗಿ ಅಭಿನಂದನೆ', ಪಕ್ಕದ ಮನೆಯವಳಿಗೆ 'ನಿಮ್ಮ ಪಕ್ಕದ ಮನೆಯವಳಿಗಾಗಿ ಅಭಿನಂದನೆ'. ಹೀಗೆ ಸುತ್ತು ಮುಗಿಸಿದವರಿಗೆ ಕಾಫಿ, ಒಂದು ತುಂಡು ಕೇಕು. ಮುಗಿಸದವರಿಗೆ ಹೆಸರು ಕೆಡುತ್ತದೆ.

ಗೊಸ್ಸೆಯ ಹೆಸರು ಕೆಟ್ಟದ್ದು ನಾಲ್ಕು ವರ್ಷದ ಹಿಂದೆ. ಅವನ ಅಕ್ಕ ಹಿಲ್ಕೆ ಉಟ್ರೆಕ್ಟಿನಲ್ಲಿದ್ದಳು. ತಾಯಿ ಬೇಗ ತೀರಿಕೊಂಡಿದ್ದರಿಂದ ಇವನನ್ನು ತೊಳೆದು, ಬಳಿದು, ಉಣಿಸಿ, ಬಡಿದು ದೊಡ್ಡವನನ್ನಾಗಿ ಮಾಡಿದವಳು ಅವಳೇ. ಆಮೇಲೆ ಕೋಸ್ ಎಂಬ ರೈಲಿನ ಗಾರ್ಡನ್ನು ಮದುವೆಯಾಗಿ ಪಟ್ಟಣ ಸೇರಿದಳು. ಅವಳ ಹುಟ್ಟುಹಬ್ಬಕ್ಕೆ ಹೋಗಿದ್ದಾಗ ಗೊಸ್ಸೆ ಸುತ್ತೆಲ್ಲ ಮುಗಿಸಿ, ಕುರ್ಚಿಯ ಮೇಲೆ ಮಲಗಿದ್ದ ಬೆಕ್ಕಿನ ಕಾಲನ್ನೂ ಕುಲುಕಿ, ಎಲ್ಲರನ್ನೂ ನಗಿಸಿ ಕೂತ. ಅಷ್ಟರಲ್ಲಿ ಹಿಲ್ಕೆ ಒಳಗಿನಿಂದ ಬಂದಳು.

"ಕಾಫಿ ಬೇಕಾ?"

"ಕೊಡು. ಸಕ್ಕರೆ ಎರಡು ಚಮಚ."

"ಬೆಕ್ಕಿಗೆ ಅಭಿನಂದನೆ ಹೇಳಿದೆ. ನನಗೆ ಹೇಳಲಿಲ್ಲ."

"ನೀನು ಅಡುಗೆಮನೇಲಿದ್ದೆ!"

"ಅಡುಗೆಮನೆ ಏನು ಜರ್ಮನೀಲಿದೆಯಾ?"

"ಆಯ್ತು ಮಾರಾಯ್ತಿ, ಈಗ ಹೇಳ್ತೀನಿ ತಗೋ."

"ಕೇಳಿ ಇಸ್ಕೊಳ್ಳೋ ಅಭಿನಂದನೆ ನನಗೆ ಬೇಡ."

ಇಷ್ಟೇ. ಇಷ್ಟಕ್ಕೆ ಅಕ್ಕ ತಮ್ಮ ನಾಲ್ಕು ವರ್ಷ ಮಾತು ಬಿಟ್ಟರು. ನಮ್ಮ ಫ್ರೀಸ್‌ಲ್ಯಾಂಡಿನವರ ತಲೆಗೆ ಎಮ್ಮೆ ಹಾಯ್ದರೆ ಎಮ್ಮೆಗೇ ಪೆಟ್ಟು. ಆಮೇಲೆ ಈ ವಸಂತದಲ್ಲಿ ಒಂದು ಕಾರ್ಡು ಬಂತು. 'ಎಪ್ಪತ್ತು ತುಂಬುತ್ತದೆ. ಶನಿವಾರ ಮೂರು ಗಂಟೆಗೆ ಕಾಫಿ. ಹಿಲ್ಕೆ.' ಪ್ರೀತಿಯ ತಮ್ಮ ಎಂದಿರಲಿಲ್ಲ. ಗೊಸ್ಸೆಗೆ ಅದು ಬೇಕಾಗಿಯೂ ಇರಲಿಲ್ಲ. ಕಾರ್ಡನ್ನು ರೇಡಿಯೋಕ್ಕೆ ಒರಗಿಸಿಟ್ಟು, ಹೋಗುತ್ತಾ ಬರುತ್ತಾ ನೋಡಿದ. ಹಾಲಿನ ಟ್ಯಾಂಕರ್ ಓಡಿಸಿ ಸವೆದ ಮನುಷ್ಯ, ಕನ್ನಡಿ ಮುಂದೆ ನಿಂತು ಕೈಕುಲುಕುವುದನ್ನು ಅಭ್ಯಾಸ ಮಾಡಿದ.

"ಈ ಸಲ ಒಬ್ಬರನ್ನೂ ಬಿಡಲ್ಲ ಕಣೇ. ಅವಳಿಗೆ ಎರಡು ಸಲ ಹೇಳ್ತೀನಿ. ಒಂದು ಈಗಿಂದು, ಒಂದು ಆವತ್ತಿಂದು."

"ಮೊದಲು ಅವಳಿಗೇ ಹೇಳು, ಆಮೇಲೆ ಉಳಿದವರಿಗೆ," ಎಂದೆ.

"ಇಲ್ಲ. ಕ್ರಮವಾಗಿ ಸುತ್ತು ಬಂದು, ಕೊನೇಲಿ ಅವಳ ಮುಂದೆ ನಿಂತ್ಕೋತೀನಿ. ಆಗ ಅದರ ತೂಕವೇ ಬೇರೆ."

ನಾಟಕದ ಕಂಪನಿಯಲ್ಲಿ ಹುಟ್ಟಬೇಕಾಗಿದ್ದವನು, ನನ್ನ ಹಣೆಗೆ ಬಿದ್ದ.

ಹೋಗುವುದೇ ಹೋಗುತ್ತೇವೆ, ಎರಡು ದಿನ ಮೊದಲೇ ಹೋಗಿ ಉಟ್ರೆಕ್ಟನ್ನು ಆರಾಮಾಗಿ ನೋಡೋಣ ಎಂದದ್ದೂ ಅವನೇ. ಗುರುವಾರ ರೈಲು ಹತ್ತಿದೆವು. ಅಕ್ಕನಿಗೆಂದು ನಮ್ಮೂರ ಬೇಕರಿಯ ಸಕ್ಕರೆ ಬ್ರೆಡ್ಡೊಂದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ನಮ್ಮಿಬ್ಬರಿಗೂ ಸೇರಿ ಇದ್ದ ಒಂದು ಮೊಬೈಲು ಮಾತ್ರ ಅಡುಗೆಮನೆಯ ಕಿಟಕಿಯಲ್ಲಿ ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿಯಿತು. ಮರೆತದ್ದು ಯಾರೆಂದು ಝ್ವೊಲೆ ಸ್ಟೇಷನ್ ಬರುವವರೆಗೂ ಜಗಳವಾಡಿದೆವು. ಎದುರಿಗೆ ಕೂತಿದ್ದ ಪಾದ್ರಿ ಎದ್ದು ಬೇರೆ ಬೋಗಿಗೆ ಹೋದ.

"ಹೋಗಲಿ ಬಿಡು," ಎಂದ ಗೊಸ್ಸೆ. "ನಮಗೆ ಫೋನ್ ಮಾಡೋರು ಯಾರು?"

ಉಟ್ರೆಕ್ಟಿನಲ್ಲಿ ಇಳಿದ ಕೂಡಲೇ ಎದೆ ಉಬ್ಬಿಸಿದ. "ನಾನು ಇಲ್ಲಿ ಸಿಪಾಯಿಯಾಗಿದ್ದವನು. ಈ ಊರಿನ ಕಲ್ಲುಕಲ್ಲೂ ನನಗೆ ಗೊತ್ತು." ಆ ಕಲ್ಲುಗಳನ್ನೆಲ್ಲ ಈ ನಲವತ್ತು ವರ್ಷದಲ್ಲಿ ಯಾರೋ ಕದ್ದುಕೊಂಡು ಹೋಗಿದ್ದರು. ಪ್ಯಾನ್‌ಕೇಕ್ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆಂದವನು ಮೊದಲು ಒಂದು ಹಲ್ಲಿನ ವೈದ್ಯರ ಬಾಗಿಲಿಗೂ, ಆಮೇಲೆ ಒಂದು ಸೈಕಲ್ ಗ್ಯಾರೇಜಿಗೂ ಕರೆದುಕೊಂಡು ಹೋದ. ಸಂಜೆ ಒಂದು ಕಾಲುವೆಯ ಮೂಲೆ ತಿರುಗಿದವನೇ ಗಕ್ಕನೆ ನಿಂತ.

ಕಾಲುವೆಯ ಆಚೆ ದಡದಲ್ಲಿ ಹಿಲ್ಕೆಯ ಮನೆ. ದೀಪ ಹಾಕಿತ್ತು, ಪರದೆ ತೆರೆದಿತ್ತು. ನಮ್ಮಲ್ಲಿ ಪರದೆ ಎಳೆದುಕೊಂಡು ಕೂರುವವರು ಏನೋ ಮುಚ್ಚಿಡುವವರು ಎಂದೇ ಲೆಕ್ಕ. ಹಿಲ್ಕೆ ಒಳಗೆ ಕುರ್ಚಿಗಳನ್ನು ಗುಂಡಗೆ ಜೋಡಿಸುತ್ತಿದ್ದಳು. ಒಂದನ್ನು ಎಳೆದು, ದೂರ ನಿಂತು ನೋಡಿ, ಮತ್ತೆ ತಳ್ಳುತ್ತಿದ್ದಳು. ಶನಿವಾರದ ತಯಾರಿ.

"ಬಾ, ಬೆಲ್ ಒತ್ತೋಣ," ಎಂದೆ.

ತಿರುಗಿ ನೋಡಿದರೆ ಗಂಡ ಇಲ್ಲ. ಕಾಲುವೆಯ ಕಂಬಿಗೆ ಒರಗಿಸಿದ್ದ ಸೈಕಲ್ಲೊಂದರ ಹಿಂದೆ ಬಗ್ಗಿ ಕೂತಿದ್ದ. ಗೊಸ್ಸೆ ಆರೂವರೆ ಅಡಿ ಆಳು. ಸೈಕಲ್ಲಿನ ಹಿಂದೆ ಅವನು ಅಡಗಿದ್ದು ತಂತಿಬೇಲಿಯ ಹಿಂದೆ ಹಸು ಅಡಗಿದ ಹಾಗಿತ್ತು. ತಲೆ ಕೆಳಗೆ ಹೋದಷ್ಟೂ ಹಿಂಭಾಗ ಮೇಲೆ ಏಳುತ್ತಿತ್ತು.

"ಏಳೋ, ನಿನಗೇನು ಬಂತು?"

"ಶ್! ಅವಳು ಶನಿವಾರ ಅಂತ ಬರೆದಿದ್ದಾಳೆ. ಇವತ್ತು ಗುರುವಾರ."

"ಅಕ್ಕನ ಮನೆ ಕಣೋ ಅದು! ಹೊತ್ತು ಗೊತ್ತುಮಾಡ್ಕೊಂಡು ಹೋಗೋಕೆ ದಂತವೈದ್ಯನ ಕ್ಲಿನಿಕ್ಕಲ್ಲ!"

"ನಿನಗೆ ಗೊತ್ತಿಲ್ಲ ಅವಳ ಸಂಗತಿ. ಕರೆಯದ ಹೊತ್ತಿಗೆ ಹೋದರೆ 'ಇವನು ಹೋದ ಸಲವೂ ಹೀಗೇ, ಈ ಸಲವೂ ಹೀಗೇ' ಅಂತಾಳೆ. ಮೂರು ಗಂಟೆ ಅಂದರೆ ಮೂರು ಗಂಟೆ."

ಅಷ್ಟರಲ್ಲಿ ಒಬ್ಬ ಹುಡುಗಿ ಬೀಗದ ಕೈ ಹಿಡಿದು ಬಂದಳು. "ಸಾರ್, ಅದು ನನ್ನ ಸೈಕಲ್ಲು."

"ಐದು ನಿಮಿಷ ಬಿಟ್ಟು ತಗೊಳ್ಳಮ್ಮ."

"ಯಾಕೆ? ನೀವು ಪೊಲೀಸರಾ?"

"ಅಲ್ಲಮ್ಮ. ತಮ್ಮ."

ಹುಡುಗಿ ನನ್ನ ಕಡೆ ನೋಡಿದಳು. ನಾನು ಇವನನ್ನು ಎಲ್ಲೂ ಕಂಡೇ ಇಲ್ಲವೆಂಬಂತೆ ನೀರಿನ ಕಡೆ ನೋಡಿದೆ. ಅವಳು ಸೈಕಲ್ಲು ಎಳೆದುಕೊಂಡಳು. ಗೊಸ್ಸೆ ಕುಕ್ಕರುಗಾಲಿನಲ್ಲೇ ಅದರ ಜತೆ ಒಂದಷ್ಟು ದೂರ ಸರಿದು, ಅವಳು ಹತ್ತಿ ಹೋದಮೇಲೆ ಇನ್ನೊಂದು ಸೈಕಲ್ಲಿನ ಹಿಂದೆ ಸೇರಿಕೊಂಡ. ಅಲ್ಲಿಗೆ ನಗರಸಭೆಯ ಸಮವಸ್ತ್ರದ ಮನುಷ್ಯ ಬಂದ.

"ಏನ್ ಸ್ವಾಮಿ ಇದು? ಇಲ್ಲಿ ಸೈಕಲ್ಲು ನಿಲ್ಲಿಸೋ ಹಾಗಿಲ್ಲ."

"ಸೈಕಲ್ಲು ನನ್ನದಲ್ಲ. ಮನುಷ್ಯರು ನಿಲ್ಲಬಹುದಾ?"

"ನಿಲ್ಲಬಹುದು. ಬಗ್ಗೋದರ ವಿಚಾರವಾಗಿ ನಿಯಮ ಏನೂ ಇಲ್ಲ," ಎಂದ ಅವನು ಬಹಳ ಯೋಚಿಸಿ. "ಆದರೆ ನೋಡೋಕೆ ಚೆನ್ನಾಗಿಲ್ಲ."

ಆಚೆ ದಡದಲ್ಲಿ ಹಿಲ್ಕೆ ಕಿಟಕಿಯ ಹತ್ತಿರ ಬಂದು, ಬಟ್ಟೆಯಿಂದ ಗಾಜು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದಳು. ಕೆಮ್ಮಿದಳೇನೋ ಎಂದುಕೊಂಡೆ.

"ಹೋದಳಾ?" ಎಂದ ಗೊಸ್ಸೆ.

"ಹೋದಳು. ಏಳು, ನಾಚಿಕೆಗೆಟ್ಟವನೇ."

ಎದ್ದ. ಬೆನ್ನು ಹಿಡಿದುಕೊಂಡಿತ್ತು, ಮುಖ ಮಾತ್ರ ಹೊಳೆಯುತ್ತಿತ್ತು. "ನೋಡಿದೆಯಾ ಕುರ್ಚಿಗಳನ್ನ? ಬಾಗಿಲ ಪಕ್ಕದ ದೊಡ್ಡ ಕುರ್ಚಿ ನನಗೇ ಇಟ್ಟಿರೋದು. ನನ್ನ ಕಾಲು ಬೇರೆ ಯಾವುದರಲ್ಲೂ ಹಿಡಿಸಲ್ಲ, ಅವಳಿಗೆ ಗೊತ್ತು."

ಶುಕ್ರವಾರ ನನ್ನ ಅಣ್ಣನ ಮಗನ ಮನೆಗೆ ಹೋದೆವು. ಅವನ ಹೆಂಡತಿ ಕಾಫಿಯ ಜತೆ ಒಂದೊಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಒತ್ತಿದಳು. ಗೊಸ್ಸೆ ತೊಡೆಯ ಮೇಲಿನ ಸಕ್ಕರೆ ಬ್ರೆಡ್ಡನ್ನು ಅವಳು ನೋಡಿದಾಗಲೆಲ್ಲ ಇನ್ನೊಂದು ತೊಡೆಗೆ ಸರಿಸಿದ. ಅಲ್ಲಿಂದ ದೋಣಿಯಲ್ಲಿ ಊರು ಸುತ್ತಿದೆವು. ಸೇತುವೆ ಬಂದಾಗಲೆಲ್ಲ ತಲೆ ತಗ್ಗಿಸಿ ಎಂದು ದೋಣಿಯವನು ಕೂಗುತ್ತಿದ್ದ. ಗೊಸ್ಸೆ ಬ್ರೆಡ್ಡಿನ ಮೇಲೆ ಬೋರಲು ಬೀಳುತ್ತಿದ್ದ. ಸಂಜೆ ಬೇಡವೆಂದರೂ ಕೇಳದೆ ಮತ್ತೆ ಅದೇ ಕಾಲುವೆಗೆ ಎಳೆದುಕೊಂಡು ಹೋದ.

ಹಿಲ್ಕೆಯ ಮನೆಯ ಪರದೆಗಳು ಮುಚ್ಚಿದ್ದವು. ಕೆಳಗಿನದೂ, ಮೇಲಿನದೂ.

"ಗೊಸ್ಸೆ, ನನಗೆ ಇದು ಸರಿ ಕಾಣಲ್ಲ. ಹೋಗಿ ಕೇಳೋಣ."

"ಬಲೂನು ಊದ್ತಿದ್ದಾಳೆ ಕಣೇ. ಬಂದವರು ಮೊದಲೇ ನೋಡಬಾರದು ಅಂತ ಪರದೆ ಎಳೆದಿದ್ದಾಳೆ."

"ಹಿಲ್ಕೆ? ಬಲೂನು?"

"ಎಪ್ಪತ್ತಾದರೆ ಜನ ಬದಲಾಗ್ತಾರೆ. ನನಗೇ ಕಾರ್ಡು ಬರೆದಿಲ್ವಾ?"

ಅವನು ಸಿಳ್ಳೆ ಹಾಕುತ್ತಾ ನಡೆದ. ನಾನು ಹಿಂದೆ ನಡೆದೆ.

ಶನಿವಾರ ಊಟಕ್ಕೆ ಮುಂಚೆ ದೊಡ್ಡ ಗೋಪುರ ಹತ್ತಿಸಿದ. ಮೇಲೆ ಗಂಟೆಗಳಿರುವ ಕಡೆ ಮಾರ್ಗದರ್ಶಿ "ಕಿವಿ ಮುಚ್ಚಿಕೊಳ್ಳಿ" ಎಂದಾಗ ಎಲ್ಲರೂ ಮುಚ್ಚಿಕೊಂಡರು. "ನಾವು ಸಿಪಾಯಿಗಳು, ಫಿರಂಗಿ ಕೇಳಿದವರು" ಎಂದು ಗೊಸ್ಸೆ ಕೈಕಟ್ಟಿ ನಿಂತ. ಗಂಟೆ ಬಡಿಯಿತು. ಕೆಳಗೆ ಇಳಿದಮೇಲೆ "ಹಸಿವಾ?" ಎಂದು ಕೇಳಿದೆ. "ಹೌದೌದು, ತುಂಬ ಹಳೇದು," ಎಂದ. ಇವನ ಕಿವಿ ಹೋಯಿತೆಂದು ಆಗಲೇ ಗೊತ್ತಾಯಿತು. ಒಪ್ಪಿಕೊಳ್ಳುವವನಲ್ಲ. ಯಾರು ಏನು ಹೇಳಿದರೂ "ಹೌದೌದು" ಎನ್ನುತ್ತಾ ಬಂದ.

ಹಿಲ್ಕೆಯ ಮನೆಯ ಮೆಟ್ಟಿಲ ಮೇಲೆ ಗಡಿಯಾರ ನೋಡುತ್ತಾ ನಿಂತ. ಮೂರಾಯಿತು. ಬಾಗಿಲು ಮೊದಲೇ ತೆರೆದಿತ್ತು. ಬ್ರೆಡ್ಡನ್ನು ನನ್ನ ಕೈಗೆ ತುರುಕಿ, ಕೂದಲು ಸವರಿಕೊಂಡು ಒಳಗೆ ನುಗ್ಗಿದ. ನಾನು ಹಜಾರದಲ್ಲಿ ಕೋಟು ಬಿಚ್ಚುತ್ತಿದ್ದೆ. ಹಿಲ್ಕೆಯ ಮಗಳು ಮಾರ್ಲೂಸ್ ಅಡುಗೆಮನೆಯಿಂದ ಓಡಿಬಂದು ನನ್ನ ತೋಳು ಹಿಡಿದಳು. ಕಣ್ಣು ಊದಿದ್ದವು.

"ಅತ್ತೆ, ನಿನ್ನೆಯಿಂದ ಫೋನ್ ಮಾಡ್ತಾನೇ ಇದ್ದೀವಿ. ಎಲ್ಲಿದ್ರಿ? ಅಮ್ಮ ಗುರುವಾರ ಮಲಗಿದವಳು ಬೆಳಗ್ಗೆ ಏಳಲಿಲ್ಲ. ನಿದ್ದೇಲೇ ಹೋಗಿಬಿಟ್ಟಳು. ಜನ ಹೇಗೂ ಮೂರು ಗಂಟೆಗೆ ಬರೋರಿದ್ರು, ಕುರ್ಚೀನೂ ಅಮ್ಮನೇ ಹಾಕಿದ್ದಳು, ಹಾಗೇ ಇರಲಿ ಅಂದರು ಅಪ್ಪ..."

ಅವಳ ಹಿಂದೆ ಅಡುಗೆಮನೆಯ ಮೇಜಿನ ಮೇಲೆ, ಮೊದಲೇ ಹೇಳಿಟ್ಟಿದ್ದ ಹುಟ್ಟುಹಬ್ಬದ ಕೇಕು ಕಾಣುತ್ತಿತ್ತು. ಮೇಲಿದ್ದ ಎಪ್ಪತ್ತನ್ನು ಚಾಕುವಿನಿಂದ ಕೆರೆದು ತೆಗೆದಿದ್ದರು.

ಆಗ ಒಳಗಿನಿಂದ ನನ್ನ ಗಂಡನ ಗಂಟಲು ಕೇಳಿಸಿತು. ಕಿವಿ ಕೇಳದವನ ಗಂಟಲು, ಕಾಲುವೆಯ ಆಚೆಗೂ ಕೇಳುವಂಥದ್ದು.

"ಕೋಸ್ ಭಾವ! ಹಿಲ್ಕೆಗಾಗಿ ನಿಮಗೆ ಅಭಿನಂದನೆ!"

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಭಾಷೆಯಲ್ಲಿ ಹುಟ್ಟುಹಬ್ಬಕ್ಕೆ ಹೇಳುವ ಮಾತಿಗೂ ಸಾವಿನ ಮನೆಯಲ್ಲಿ ಹೇಳುವ ಮಾತಿಗೂ ತಲೆ ಬಾಲ ಎರಡೂ ಒಂದೇ, ಹೊಟ್ಟೆ ಮಾತ್ರ ಬೇರೆ. ಜೀವನದಲ್ಲಿ ಒಮ್ಮೆಯಾದರೂ ಬಾಯಿತಪ್ಪಿ ಒಂದರ ಬದಲು ಇನ್ನೊಂದನ್ನು ಹೇಳದವರು ನಮ್ಮಲ್ಲಿ ಇಲ್ಲ. ಅದಕ್ಕೇ ಯಾರೂ ತಪ್ಪು ಹಿಡಿಯುವುದೂ ಇಲ್ಲ. ಕೋಸ್ ಇವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಇರಲಿ ಗೊಸ್ಸೆ, ನಿನ್ನ ಮನಸ್ಸು ನನಗೆ ಗೊತ್ತು," ಎಂದ.

"ಹೌದೌದು!" ಎಂದು ಇವನು ಮುಂದಕ್ಕೆ ಹೋದ. ಪಕ್ಕದ ಮನೆಯ ವಾನ್ ಝಾಂಟೆನ್ ಅಮ್ಮ ಕರವಸ್ತ್ರ ಹಿಂಡುತ್ತಾ ಕೂತಿದ್ದರು.

"ನಿಮ್ಮ ಪಕ್ಕದ ಮನೆಯವಳಿಗಾಗಿ ಅಭಿನಂದನೆ!"

"ನಿಮಗೂ," ಎಂದುಬಿಟ್ಟರು ಆಕೆ, ಅಭ್ಯಾಸಬಲ. ಎಂದವರೇ ಕರವಸ್ತ್ರವನ್ನು ಪೂರ್ತಿ ಬಾಯಿಗೆ ಒತ್ತಿಕೊಂಡರು.

ನಾನು ಬ್ರೆಡ್ಡು ಹಿಡಿದುಕೊಂಡೇ ಒಳಗೆ ಓಡಿದೆ. ಇವನು ಮೂರನೆಯವನ ಮುಂದೆ ನಿಂತಿದ್ದ. ಬೂದುಬಣ್ಣದ ಸೂಟು, ಹೊಳೆಯುವ ಬೂಟು, ಅಂತ್ಯಕ್ರಿಯೆ ನಡೆಸಿಕೊಡುವ ಸಂಸ್ಥೆಯವನು.

"ಅಕ್ಕನಿಗಾಗಿ ಅಭಿನಂದನೆ! ತಾವು ಯಾರ ಕಡೆಯವರು?"

"ನಾನು ಸಂಸ್ಥೆ ಕಡೆಯವನು," ಎಂದ ಅವನು, ಇವನಷ್ಟೇ ಜೋರಾಗಿ.

"ಸಂಸ್ಥೆ!" ಗೊಸ್ಸೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. "ನೋಡಿದೆಯಾ ಪಟ್ಟಣದವರನ್ನ? ಹುಟ್ಟುಹಬ್ಬಕ್ಕೂ ಸಂಸ್ಥೆ!"

ಆ ಮನುಷ್ಯ ಇಂಥ ಮನೆಗಳಲ್ಲಿ ಎಲ್ಲ ಥರದವರನ್ನೂ ಕಂಡವನು, ಬೆಚ್ಚಲಿಲ್ಲ. "ತಾವು ತಮ್ಮನವರಲ್ಲವೇ? ಹೊರೋದಕ್ಕೆ ಆರು ಜನ ಬೇಕು. ತಾವು ಒಬ್ಬರು ಹೊರ್ತೀರಾ?" ಎಂದು ಗಟ್ಟಿಯಾಗಿ ಕೇಳಿದ.

"ಅಕ್ಕನನ್ನಾ? ಆರು ಜನ ಯಾಕೆ! ಕುರ್ಚಿ ಸಮೇತ ನಾನೊಬ್ಬನೇ ಎತ್ತುತ್ತೀನಿ!"

ಇದು ಬಾಯಿ ತಪ್ಪಿದ್ದಲ್ಲ ಎಂದು ಒಬ್ಬೊಬ್ಬರಿಗೇ ಹೊಳೆಯುತ್ತಾ ಹೋಯಿತು. ನಾನು ಅವನ ಕೋಟು ಜಗ್ಗಿದೆ.

"ಗೊಸ್ಸೆ, ಹೊರಗೆ ಬಾ."

"ಸುಮ್ಮನಿರೇ. ಇನ್ನೂ ಇಬ್ಬರಿದ್ದಾರೆ. ಆವತ್ತು ಒಬ್ಬರನ್ನ ಬಿಟ್ಟಿದ್ದಕ್ಕೇ ಇಷ್ಟೆಲ್ಲ ಆದದ್ದು."

ನಾನು ಬಾಯಿಬಡುಕಿ. ನಮ್ಮೂರಿನಲ್ಲಿ ಪಾದ್ರಿಗೂ ಮುಖಕ್ಕೆ ಹೊಡೆದ ಹಾಗೆ ಹೇಳುವವಳು. ಅವತ್ತು 'ಹಿಲ್ಕೆ ಸತ್ತಳು' ಎಂಬ ಎರಡು ಮಾತು ಹೊರಡಲಿಲ್ಲ. ಅವನು ಉಳಿದ ಇಬ್ಬರ ಕೈಯನ್ನೂ ಕುಲುಕಿದ. ಅವರು ಕೊಟ್ಟರು, ಇನ್ನೇನು ಮಾಡಿಯಾರು?

"ಆಯ್ತು," ಎಂದು ಉಸಿರುಬಿಟ್ಟ. "ಅಕ್ಕ ಎಲ್ಲಿ ಭಾವ?"

ಕೋಸ್ ಜೋಡುಬಾಗಿಲಿನ ಕಡೆ ಕೈ ತೋರಿಸಿದ. "ಹಿಂದಿನ ಕೋಣೇಲಿ."

"ಅಲಂಕಾರ ಮಾಡ್ಕೊಳ್ತಿದ್ದಾಳಾ?"

"ಮಾಡಿದ್ದಾರೆ," ಎಂದ ಕೋಸ್. "ಚೆನ್ನಾಗಿ ಕಾಣ್ತಾಳೆ. ನಿದ್ದೆ ಮಾಡ್ತಿರೋ ಹಾಗೆ."

ನಿದ್ದೆ ಎಂಬುದೊಂದು ಅವನ ಕಿವಿಗೆ ಬಿತ್ತು. "ಜನ ಬಂದ ಹೊತ್ತಿಗೆ ನಿದ್ದೆಯಾ! ಇರಿ, ಎಬ್ಬಿಸ್ತೀನಿ," ಎಂದು ಬಾಗಿಲು ಸರಿಸಿದ.

ಎರಡು ಮೇಣದ ಬತ್ತಿ. ಬಿಳಿ ಹೂವು. ನೀಲಿ ಉಡುಪು ತೊಟ್ಟು ಪೆಟ್ಟಿಗೆಯಲ್ಲಿ ಹಿಲ್ಕೆ.

ಅವನು ನಿಂತ. ಯಾರೂ ಕುರ್ಚಿಯಿಂದ ಏಳಲಿಲ್ಲ. ಆಮೇಲೆ ತಿರುಗಿ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಕೋಸ್ ಕಡೆ ನೋಡಿದ. ಅವನೂ ತಲೆಯಾಡಿಸಿದ. ಸುತ್ತ ಕೂತವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ತಾನು ಕೈಕುಲುಕಿದ ಕ್ರಮದಲ್ಲೇ.

ಬೇಕರಿಯವರ ಕಥೆ ಇಲ್ಲಿಗೆ ಮುಗಿಯುತ್ತದೆ. ಅಕ್ಕನ ಮುಂದೆಯೂ ಗೊತ್ತಿಲ್ಲದೆ ಹೇಳಿದ ಎನ್ನುತ್ತಾರೆ. ಕೇಳಿಸಿಕೊಳ್ಳಿ. ಗೊತ್ತಾದಮೇಲೆ ಹೇಳಿದ. ಪೆಟ್ಟಿಗೆಯ ಹತ್ತಿರ ಹೋಗಿ, ಅಕ್ಕನ ಕೈಯ ಮೇಲೆ ಕೈ ಇಟ್ಟ.

"ಅಭಿನಂದನೆ, ಹಿಲ್ಕೆ," ಎಂದ. "ಇದು ಇವತ್ತಿಂದು. ಇನ್ನೊಂದು ಆವತ್ತಿಂದು. ಅಭಿನಂದನೆ."

ವಾನ್ ಝಾಂಟೆನ್ ಅಮ್ಮ ಈ ಸಲ ಕರವಸ್ತ್ರ ಹುಡುಕಲಿಲ್ಲ. ಜೋರಾಗಿಯೇ ಅತ್ತರು.

ಆಮೇಲೆ ಕಾಫಿ ಬಂತು. ನಮ್ಮಲ್ಲಿ ಯಾರು ಹುಟ್ಟಲಿ ಯಾರು ಸಾಯಲಿ, ಕಾಫಿ ಬರುತ್ತದೆ. ಮಾರ್ಲೂಸ್ ಸಕ್ಕರೆ ಬ್ರೆಡ್ಡನ್ನು ದಪ್ಪಗೆ ಕೊಯ್ದು, ಬೆಣ್ಣೆ ಹಚ್ಚಿ ಎಲ್ಲರಿಗೂ ಕೊಟ್ಟಳು. ಎರಡು ದಿನ ಗೊಸ್ಸೆಯ ತೊಡೆಯ ಮೇಲೆ ಊರೆಲ್ಲ ಸುತ್ತಿದ್ದ ಬ್ರೆಡ್ಡು, ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಗೊಸ್ಸೆ ಬಾಗಿಲ ಪಕ್ಕದ ದೊಡ್ಡ ಕುರ್ಚಿಯಲ್ಲಿ ಕಾಲು ಚಾಚಿ ಕೂತು ತನ್ನ ತುಂಡನ್ನು ನೋಡುತ್ತಿದ್ದ. ಮಾರ್ಲೂಸ್ ಅವನ ಕಿವಿಯ ಹತ್ತಿರ ಬಗ್ಗಿದಳು.

"ಮಾವ, ಗುರುವಾರ ಸಂಜೆ ನೀವು ಕಾಲುವೆ ಆಚೆ ಇದ್ರಾ?"

"ಆಂ?"

ಅವಳು ಕೂಗಿಯೇ ಹೇಳಬೇಕಾಯಿತು. ಹಾಗಾಗಿ ಕೋಣೆಗೆಲ್ಲ ಕೇಳಿಸಿತು.

"ಅಮ್ಮ ನಿಮ್ಮನ್ನ ನೋಡಿದಳು ಮಾವ! ಕಿಟಕಿ ಒರೆಸ್ತಾ ಇದ್ದವಳು ಹೊಟ್ಟೆ ಹಿಡ್ಕೊಂಡು ನಗ್ತಾ ಅಡುಗೆಮನೆಗೆ ಬಂದಳು. 'ಆಚೆ ದಡದಲ್ಲಿ ಯಾರೋ ಸೈಕಲ್ ಹಿಂದೆ ಬಗ್ಗಿದ್ದಾನೆ, ಅವನು ನಮ್ಮ ಗೊಸ್ಸೆ' ಅಂದಳು. ಮುಖಾನೇ ಕಾಣಲ್ಲ, ಹೆಂಗೆ ಹೇಳ್ತೀಯಮ್ಮ ಅಂದೆ. 'ಆ ಅಂಡು ತೊಳೆದವಳು ನಾನು, ನನಗೆ ಗೊತ್ತಾಗಲ್ವಾ?' ಅಂದಳು."

ಯಾರೋ ನಗುವುದಕ್ಕೆ ಹೋಗಿ ಕೆಮ್ಮಿದರು. ಗೊಸ್ಸೆಯ ಬಾಯಿ ತೆರೆದಿತ್ತು.

"ಕರೀಲಾ ಅಂತ ಕೇಳಿದೆ ಮಾವ. 'ಬೇಡ ಕಣೇ. ಮೂರು ಗಂಟೆ ಅಂತ ಬರೆದಿದ್ದೀನಲ್ಲ, ಅದಕ್ಕೇ ಅಡಗಿದ್ದಾನೆ, ಪೆದ್ದ. ಈಗ ಕರೆದರೆ ನಾಚಿಕೊಳ್ತಾನೆ. ಶನಿವಾರ ಬರ್ತಾನಲ್ಲ' ಅಂದಳು. ಮಲಗೋವರೆಗೂ ನೆನೆಸ್ಕೊಂಡು ನೆನೆಸ್ಕೊಂಡು ನಕ್ಕಳು."

"ನಕ್ಕಳಾ?" ಎಂದ ಗೊಸ್ಸೆ.

"ನಕ್ಕಳು ಮಾವ."

ಅವನು ಬ್ರೆಡ್ಡನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ.

ಬುಧವಾರ ಹಿಲ್ಕೆಯನ್ನು ಹೊರಗೆ ತಂದರು. ಆರು ಜನ ಹೆಗಲು ಕೊಟ್ಟರು. ಮುಂದಿನ ಎಡಗಡೆ ಗೊಸ್ಸೆ. ಉಳಿದ ಐದು ಜನ ಪಟ್ಟಣದವರು, ಇವನ ಭುಜಕ್ಕೆ ಬರುವವರು. ಮೆಟ್ಟಿಲು ಇಳಿದು ಕಾಲುವೆಯ ದಡಕ್ಕೆ ಬಂದಾಗ ಪೆಟ್ಟಿಗೆ ಒಂದು ಕಡೆ ಎದ್ದುಕೊಂಡಿತ್ತು. ಬೂದು ಸೂಟಿನವನು ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಸಾರ್, ತಾವು ಸ್ವಲ್ಪ ಬಗ್ಗಿದರೆ ಸಮ ಆಗುತ್ತೆ."

ಗೊಸ್ಸೆಯ ಕಿವಿ ಅಷ್ಟರಲ್ಲಿ ಸರಿಯಾಗಿತ್ತು. ಅವನು ಆಚೆ ದಡದಲ್ಲಿ ಕಂಬಿಗೆ ಒರಗಿದ್ದ ಸೈಕಲ್ಲುಗಳನ್ನು ನೋಡುತ್ತಿದ್ದ.

"ಬಗ್ಗಲ್ಲ," ಎಂದ. "ಒಂದು ಸಲ ಬಗ್ಗಿದ್ದು ಸಾಕು."

ಬೂದು ಸೂಟಿನವನು ನನ್ನ ಕಡೆ ನೋಡಿದ. ಈ ಸಲ ನಾನು ನೀರಿನ ಕಡೆ ನೋಡಲಿಲ್ಲ. "ಅವನು ನನ್ನ ಗಂಡ. ಅವನು ಹೇಳಿದ ಹಾಗೇ ಆಗಲಿ," ಎಂದೆ.

ಕಾಲುವೆಯ ದಂಡೆಯುದ್ದಕ್ಕೂ ಹಿಲ್ಕೆ ಸ್ವಲ್ಪ ವಾಲಿಕೊಂಡೇ ಹೋದಳು.